ಕಾಡುಪಾಪ ಇರುವ ಕ್ಯಾಂಪಸ್, ಕಾಂಕ್ರೀಟ್ ಬಳಿದ ಶಾಲೆ

ಮಲ್ಲೇಶ್ವರದ ಮಗ್ಗುಲಲ್ಲೇ ಕಾಡುಪಾಪ ಇದೆ ಅಂದರೆ ನಂಬ್ತೀರಾ? ದೊಡ್ಡ ಕಣ್ಣು, ಕಡ್ಡಿಯಂಥ ಕೈಕಾಲು, ಬಾಲವಿಲ್ಲ, ಓಡಾಟ ರಾತ್ರಿಯಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಅದು ದಾಖಲಾಗಿದೆ.

ಹೇಗೆ ಉಳೀತು? ಕಾಡುಪಾಪ ಮಂಗನ ಹಾಗೆ ನೆಗೆಯಲ್ಲ. ಕೊಂಬೆ ಹಿಡಿದೇ ಮುಂದಿನ ಕೊಂಬೆಗೆ ದಾಟಬೇಕು. ಅಲ್ಲಿ ಮರಗಳ ನೆತ್ತಿ ಒಂದಕ್ಕೊಂದು ತಾಗಿಕೊಂಡಿವೆ. ತಿನ್ನೋಕೆ ಹುಳಹುಪ್ಪಟೆಯೂ ಇದೆ.

1980ರ ದಶಕದಲ್ಲಿ ಅದೇ ಆವರಣದ ಸುಮಾರು ಒಂದೂವರೆ ಹೆಕ್ಟೇರಿನಲ್ಲಿ ಪಶ್ಚಿಮಘಟ್ಟದ 49 ಜಾತಿಯ ಸಸಿ ನೆಟ್ಟರು. ಈಗ ಅದು ದಟ್ಟ ಕಿರುಕಾಡು. ಒಳಗೆ ಹೊಕ್ಕರೆ ಹೊರಗಿಗಿಂತ ತಂಪು.

ಬಸವನಗುಡಿ, ಚಾಮರಾಜಪೇಟೆಯ ಶಾಲೆಗಳಿಗೆ ಅಷ್ಟು ಜಾಗ ಇಲ್ಲ, ನಿಜ. ಆದರೆ ಹಳೇ ಹೊಂಗೆಮರ ಇದೆಯಲ್ಲ? ಬೇಸಿಗೆಯಲ್ಲಿ ಹೂ ಬಿಟ್ಟರೆ ಜೇನುನೊಣ ತಾನಾಗಿ ಬರುತ್ತೆ. ಒಂದು ಕರಿಬೇವಿನ ಗಿಡ ಹಾಕಿ, ಕಪ್ಪು ರೆಕ್ಕೆಯ ಮಾರ್ಮನ್ ಚಿಟ್ಟೆ ಬಂದು ಮೊಟ್ಟೆ ಇಡುತ್ತೆ. ಎಲೆ ತಿನ್ನುವ ಹುಳ ಕಂಡ ಕೂಡಲೇ ಔಷಧಿ ಹೊಡೆಯಬೇಡಿ. ಚಿಟ್ಟೆ ಆಗೋದೇ ಅದು! ಮಕ್ಕಳಿಗೆ ಇದಕ್ಕಿಂತ ಒಳ್ಳೆ ವಿಜ್ಞಾನದ ಪಾಠ ಯಾವ ಚಾರ್ಟಿನಲ್ಲೂ ಸಿಗಲ್ಲ.

ಸಂಕಟ ಆಗೋದು ಮರದ ಬುಡದವರೆಗೂ ಕಾಂಕ್ರೀಟ್ ಬಳಿದ ಅಂಗಳ ನೋಡಿದಾಗ. ಬೇರಿಗೆ ನೀರಿಳಿಯಲ್ಲ, ಎರೆಹುಳ ಉಳಿಯಲ್ಲ. ಉದುರಿದ ಎಲೆ ಸುಡೋದಂತೂ ಬೇಡವೇ ಬೇಡ. ಮೂಲೆಯಲ್ಲಿ ಗುಂಡಿ ತೋಡಿ ಹಾಕಿ, ಗೊಬ್ಬರ ಆಗುತ್ತೆ.

ಪೋಷಕರೇ, ಶಾಲೆಯ ಮುಂದಿನ ಸಭೆಯಲ್ಲಿ ಇದನ್ನೊಂದು ಕೇಳಿ: ಮಳೆಗಾಲಕ್ಕೆ ಮುಂಚೆ ಮರದ ಸುತ್ತಲಿನ ಕಾಂಕ್ರೀಟ್ ಒಡೆಸ್ತೀರಾ?