ಗಿರಾಕಿ ತರುವವರೋ, ಗದ್ದುಗೆ ನಿಭಾಯಿಸುವವರೋ?

ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗಳು ಸಹ ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಬಗೆ

ಪಾಲುದಾರಿಕೆ ಸಂಸ್ಥೆಗೆ ಹೊಸಬರೊಬ್ಬರನ್ನು ಸೇರಿಸಿಕೊಳ್ಳುವಾಗ ವರ್ತಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ. ಇವರಿಂದ ಎಷ್ಟು ಬಂಡವಾಳ ಬರುತ್ತದೆ? ಎಷ್ಟು ಗಿರಾಕಿಗಳು ಬರುತ್ತಾರೆ? ಮೂರನೆಯ ಪ್ರಶ್ನೆಯೊಂದುಂಟು, ಅದನ್ನು ಕೇಳುವವರು ವಿರಳ. ನಾಳೆ ನಾನು ಇಲ್ಲವಾದರೆ ಇವರು ಬಾಗಿಲು ತೆರೆದು ವ್ಯವಹಾರವನ್ನು ನಡೆಸಬಲ್ಲರೇ? ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸುವವರು ಉಪಾಧ್ಯಕ್ಷ ಸ್ಥಾನಕ್ಕೆ ತಮ್ಮ ಜೊತೆಗಾರರನ್ನು ಆರಿಸುವಾಗಲೂ ಇವೇ ಮೂರು ಪ್ರಶ್ನೆಗಳು ಏಳುತ್ತವೆ. ಅಲ್ಲಿಯೂ ಮೂರನೆಯದು ಹಿಂದೆ ಬೀಳುವುದೇ ಹೆಚ್ಚು. ಹಾಗೆ ಹಿಂದೆ ಬಿದ್ದಾಗಲೆಲ್ಲ ಆ ದೇಶ ಅದಕ್ಕೆ ತಕ್ಕ ಬೆಲೆ ತೆತ್ತಿದೆ.

ನಮ್ಮ ರಾಜ್ಯದ ಸಿದ್ಧ ಉಡುಪು ಮತ್ತು ತಂತ್ರಾಂಶ ಉದ್ಯಮಗಳಿಗೆ ಅಮೆರಿಕವು ದೊಡ್ಡ ಮಾರುಕಟ್ಟೆಯಾಗಿರುವುದರಿಂದ, ಅಲ್ಲಿನ ಗದ್ದುಗೆಯ ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂಬುದು ನಮಗೆ ತೀರ ಹೊರಗಿನ ಸಂಗತಿಯೇನಲ್ಲ. ಅದಕ್ಕಿಂತ ಮಿಗಿಲಾಗಿ, ಜೊತೆಗಾರರನ್ನು ಆರಿಸಿಕೊಳ್ಳುವ ವಿಷಯದಲ್ಲಿ ಇನ್ನೂರು ವರ್ಷಗಳಿಗೂ ಮಿಕ್ಕಿದ ಅನುಭವದ ಲೆಕ್ಕಪುಸ್ತಕವೊಂದು ಅಲ್ಲಿ ತೆರೆದೇ ಇದೆ. ಅದನ್ನು ಓದುವುದರಿಂದ ನಮಗೆ ಲಾಭವುಂಟು.

ಹುದ್ದೆ ಚಿಕ್ಕದು, ಹೊಣೆ ದೊಡ್ಡದು

ಆರಂಭದಲ್ಲಿ ಅಮೆರಿಕದಲ್ಲಿ ಜೋಡಿ ಅಭ್ಯರ್ಥಿಗಳ ಪದ್ಧತಿ ಇರಲಿಲ್ಲ. ಅತಿ ಹೆಚ್ಚು ಮತ ಪಡೆದವರು ಅಧ್ಯಕ್ಷರಾಗಿಯೂ, ಎರಡನೆಯ ಸ್ಥಾನ ಪಡೆದವರು ಉಪಾಧ್ಯಕ್ಷರಾಗಿಯೂ ಅಧಿಕಾರ ವಹಿಸುತ್ತಿದ್ದರು. ಇದರ ಫಲವಾಗಿ 1796ರ ಚುನಾವಣೆಯಲ್ಲಿ ಜಾನ್ ಆಡಮ್ಸ್ ಅಧ್ಯಕ್ಷರಾದರೆ, ಅವರ ಎದುರಾಳಿ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾದರು. 1800ರಲ್ಲಿ ಜೆಫರ್ಸನ್ ಮತ್ತು ಅವರದೇ ಪಕ್ಷದ ಆರನ್ ಬರ್ ಇಬ್ಬರಿಗೂ ತಲಾ 73 ಮತಗಳು ಬಂದು, ಪ್ರತಿನಿಧಿ ಸಭೆಯು 36 ಸಲ ಮತದಾನ ನಡೆಸಿದ ಬಳಿಕವೇ ತೀರ್ಮಾನವಾಯಿತು. 1804ರಲ್ಲಿ ಜಾರಿಗೆ ಬಂದ ಸಂವಿಧಾನದ ಹನ್ನೆರಡನೆಯ ತಿದ್ದುಪಡಿಯು ಎರಡೂ ಹುದ್ದೆಗಳಿಗೆ ಪ್ರತ್ಯೇಕ ಮತ ನೀಡುವ ವ್ಯವಸ್ಥೆಯನ್ನು ಮಾಡಿತು. ಒಂದೇ ಪಕ್ಷದ ಇಬ್ಬರು ಜೊತೆಯಾಗಿ ಸ್ಪರ್ಧಿಸುವ ರೂಢಿ ನೆಲೆಯೂರಿದ್ದು ಆ ಬಳಿಕವೇ.

ಸಂವಿಧಾನವು ಉಪಾಧ್ಯಕ್ಷರಿಗೆ ವಹಿಸಿರುವ ನಿತ್ಯದ ಕೆಲಸ ಅತ್ಯಲ್ಪ. ಅವರು ಸೆನೆಟ್ ಸಭೆಯ ಅಧ್ಯಕ್ಷರು. ಅಲ್ಲಿ ಮತಗಳು ಸಮವಾದಾಗ ನಿರ್ಣಾಯಕ ಮತ ಹಾಕುವ ಅಧಿಕಾರವುಳ್ಳವರು. ಈ ಒಂದು ಮತದ ಬೆಲೆಯೂ ಕಡಿಮೆಯದಲ್ಲ. 2022ರ ಆಗಸ್ಟ್‌ನಲ್ಲಿ ಹಣದುಬ್ಬರ ತಗ್ಗಿಸುವ ಹೆಸರಿನ ಮಸೂದೆಯು ಕಮಲಾ ಹ್ಯಾರಿಸ್ ಅವರ ಮತದಿಂದ, 2025ರ ಜುಲೈನಲ್ಲಿ ತೆರಿಗೆ ಮತ್ತು ವೆಚ್ಚದ ಬೃಹತ್ ಮಸೂದೆಯು ಜೆ.ಡಿ. ವ್ಯಾನ್ಸ್ ಅವರ ಮತದಿಂದ, ಎರಡು ಬಾರಿಯೂ 51-50ರ ಅಂತರದಲ್ಲಿ ಸೆನೆಟ್ಟನ್ನು ದಾಟಿದವು.

ಆದರೆ ನಿಜವಾದ ಹೊಣೆ ಇರುವುದು ಬೇರೆಡೆ. ಇದುವರೆಗೆ ಅಮೆರಿಕದ ಅಧ್ಯಕ್ಷ ಪದವಿಯನ್ನು ಅಲಂಕರಿಸಿದವರು 45 ಮಂದಿ. ಅವರಲ್ಲಿ ಎಂಟು ಮಂದಿ ಅಧಿಕಾರದಲ್ಲಿರುವಾಗಲೇ ನಿಧನರಾದರು, ಒಬ್ಬರು ರಾಜೀನಾಮೆ ಕೊಟ್ಟರು. ಹೀಗೆ ಒಂಬತ್ತು ಸಲ ಉಪಾಧ್ಯಕ್ಷರು ನಡುವಿನಲ್ಲೇ ಅಧ್ಯಕ್ಷರಾದರು. ಐವರಲ್ಲಿ ಒಬ್ಬರು ಎಂದಾಯಿತು. ಇಂತಹ ಪ್ರಮಾಣದ ಅಪಾಯವನ್ನು ಯಾವ ವರ್ತಕನೂ ವಿಮೆ ಇಲ್ಲದೆ ಬಿಡುವುದಿಲ್ಲ.

ಇಲ್ಲಿ ನಮ್ಮ ದೇಶದ ವ್ಯವಸ್ಥೆಗೂ ಅಲ್ಲಿನದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸತಕ್ಕದ್ದು. ನಮ್ಮಲ್ಲಿ ಉಪರಾಷ್ಟ್ರಪತಿಯವರ ಚುನಾವಣೆಯೇ ಪ್ರತ್ಯೇಕ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾಗಿ ಜುಲೈವರೆಗೆ ಕಾರ್ಯ ನಿರ್ವಹಿಸಿದರು. ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಲೇಬೇಕೆಂಬುದು ನಮ್ಮ ಸಂವಿಧಾನದ ನಿಯಮ. ಅಮೆರಿಕದಲ್ಲಾದರೋ ಉಪಾಧ್ಯಕ್ಷರು ಉಳಿದ ಅವಧಿಯನ್ನು ಪೂರ್ತಿಯಾಗಿ ಆಳುತ್ತಾರೆ. ಕಾರ್ಯಾಂಗದ ಅಧಿಕಾರವೆಲ್ಲವೂ ಅವರ ಕೈಗೆ ಬರುತ್ತದೆ.

ಸಮತೋಲನದ ಲೆಕ್ಕಾಚಾರ

ಸಹ ಅಭ್ಯರ್ಥಿಯ ಆಯ್ಕೆಯಲ್ಲಿ ಬಹುಕಾಲದಿಂದ ನಡೆದು ಬಂದಿರುವುದು ತಕ್ಕಡಿಯ ನ್ಯಾಯ. ಅಭ್ಯರ್ಥಿ ಉತ್ತರದವರಾದರೆ ಜೊತೆಗೆ ದಕ್ಷಿಣದವರು. ಹಿರಿಯರಾದರೆ ಜೊತೆಗೆ ಕಿರಿಯರು. ಒಂದು ಬಣದವರಾದರೆ ಜೊತೆಗೆ ಇನ್ನೊಂದು ಬಣದವರು. ಮತಗಳನ್ನು ಒಟ್ಟುಗೂಡಿಸಲು ಇದು ಒಳ್ಳೆಯ ಉಪಾಯವೇ ಸರಿ. ಆದರೆ ಆಡಳಿತ ನಡೆಸುವಾಗ ಇದರ ಇನ್ನೊಂದು ಮುಖ ಕಾಣಿಸಿಕೊಳ್ಳುತ್ತದೆ.

1840ರಲ್ಲಿ ವ್ಹಿಗ್ ಪಕ್ಷವು ವಿಲಿಯಂ ಹೆನ್ರಿ ಹ್ಯಾರಿಸನ್ ಅವರ ಜೊತೆಗೆ ಎದುರು ಪಕ್ಷದಿಂದ ಬಂದಿದ್ದ ವರ್ಜೀನಿಯಾದ ಜಾನ್ ಟೈಲರ್ ಅವರನ್ನು ನಿಲ್ಲಿಸಿತು. ಗೆಲುವೂ ದೊರೆಯಿತು. ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಿನಲ್ಲಿ, 1841ರ ಏಪ್ರಿಲ್ 4ರಂದು ಹ್ಯಾರಿಸನ್ ತೀರಿಕೊಂಡರು. ಟೈಲರ್ ಅಧ್ಯಕ್ಷರಾಗಿ, ಪಕ್ಷಕ್ಕೆ ಜೀವಾಳವಾಗಿದ್ದ ರಾಷ್ಟ್ರೀಯ ಬ್ಯಾಂಕಿನ ಮಸೂದೆಯನ್ನು ಎರಡು ಬಾರಿ ತಿರಸ್ಕರಿಸಿದರು. ಒಬ್ಬರನ್ನುಳಿದು ಮಂತ್ರಿಗಳೆಲ್ಲರೂ ರಾಜೀನಾಮೆ ಕೊಟ್ಟರು. ಪಕ್ಷವು ತನ್ನದೇ ಅಧ್ಯಕ್ಷರನ್ನು ಉಚ್ಚಾಟಿಸಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕಿಲ್ಲ.

ಈ ಪಾಠವು ನಾಟಲಿಲ್ಲ. ಅಂತರ್ಯುದ್ಧದ ನಡುವೆ, 1864ರಲ್ಲಿ, ಅಬ್ರಹಾಂ ಲಿಂಕನ್ ಅವರ ಜೊತೆಗೆ ದಕ್ಷಿಣದ ಟೆನ್ನೆಸ್ಸಿಯ ಡೆಮಾಕ್ರಟ್ ಆ್ಯಂಡ್ರೂ ಜಾನ್ಸನ್ ನಿಂತರು. ಎರಡನೆಯ ಅವಧಿ ಆರಂಭವಾಗಿ ಆರು ವಾರಗಳಲ್ಲಿ ಲಿಂಕನ್ ಹತ್ಯೆಗೀಡಾದರು. ಬಿಡುಗಡೆ ಪಡೆದ ಗುಲಾಮರ ಹಕ್ಕುಗಳ ವಿಷಯದಲ್ಲಿ ಜಾನ್ಸನ್‌ಗೂ ಸಂಸತ್ತಿಗೂ ತೀವ್ರ ಘರ್ಷಣೆ ನಡೆದು, 1868ರಲ್ಲಿ ಮಹಾಭಿಯೋಗಕ್ಕೆ ಗುರಿಯಾದ ಅವರು ಒಂದೇ ಮತದಿಂದ ಪದವಿ ಉಳಿಸಿಕೊಂಡರು.

ಇನ್ನು ತವರು ರಾಜ್ಯದ ಮತಗಳನ್ನು ತಂದುಕೊಡುತ್ತಾರೆಂಬ ನಂಬಿಕೆ. 1960ರಲ್ಲಿ ಜಾನ್ ಕೆನಡಿ ಅವರು ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು ಆರಿಸಿ ಆ ರಾಜ್ಯದ 24 ಮತಗಳನ್ನು ಗಳಿಸಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ 1988ರಲ್ಲಿ ಲಾಯ್ಡ್ ಬೆಂಟ್ಸನ್ ಅದೇ ಟೆಕ್ಸಾಸನ್ನು, 2004ರಲ್ಲಿ ಜಾನ್ ಎಡ್ವರ್ಡ್ಸ್ ಉತ್ತರ ಕೆರೊಲಿನಾವನ್ನು, 2012ರಲ್ಲಿ ಪಾಲ್ ರಯಾನ್ ವಿಸ್ಕಾನ್ಸಿನ್ನನ್ನು ಗೆಲ್ಲಿಸಿಕೊಡಲಿಲ್ಲ. ಈ ವಿಷಯವನ್ನು ಅಂಕಿ ಅಂಶಗಳ ಸಹಿತ ಪರಿಶೀಲಿಸಿದ ರಾಜಕೀಯ ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಡಿವೈನ್ ಮತ್ತು ಕೈಲ್ ಕೋಪ್ಕೊ ಅವರು ಇಂತಹ ಲಾಭವು ಸಾಮಾನ್ಯವಾಗಿ ದೊರೆಯುವುದಿಲ್ಲವೆಂದೇ ಅಭಿಪ್ರಾಯಪಟ್ಟಿದ್ದಾರೆ. 2000ದಲ್ಲಿ ಗೆದ್ದ ಡಿಕ್ ಚೆನೀ ಅವರ ವಯೋಮಿಂಗ್ ಮತ್ತು 2008ರಲ್ಲಿ ಗೆದ್ದ ಜೋ ಬೈಡನ್ ಅವರ ಡೆಲವೇರ್ ತಲಾ ಮೂರೇ ಮತಗಳ ಪುಟ್ಟ ರಾಜ್ಯಗಳು. ಅವರನ್ನು ಆರಿಸಿದ್ದು ದೀರ್ಘ ಅನುಭವಕ್ಕಾಗಿ. 1992ರಲ್ಲಿ ಬಿಲ್ ಕ್ಲಿಂಟನ್ ಅವರು ನೆರೆಯ ರಾಜ್ಯದ, ತಮ್ಮದೇ ಪೀಳಿಗೆಯ ಅಲ್ ಗೋರ್ ಅವರನ್ನು ಆರಿಸಿ ತಕ್ಕಡಿಯನ್ನೇ ಬದಿಗಿಟ್ಟರು; ಆದರೂ ಗೆದ್ದರು.

ಪರಿಶೋಧನೆಯಿಲ್ಲದ ಆಯ್ಕೆ

ಲೆಕ್ಕ ಪರಿಶೋಧಕರ ಕಣ್ಣಿಗೆ ಮೂರು ಪ್ರಕರಣಗಳು ವಿಶೇಷವಾಗಿ ಬೀಳುತ್ತವೆ. ಮೊದಲನೆಯದು, 1968ರಲ್ಲಿ ರಿಚರ್ಡ್ ನಿಕ್ಸನ್ ಆರಿಸಿದ ಸ್ಪೈರೊ ಆ್ಯಗ್ನ್ಯೂ. ಮೇರಿಲ್ಯಾಂಡ್‌ನಲ್ಲಿ ಅಧಿಕಾರದಲ್ಲಿದ್ದಾಗ ಗುತ್ತಿಗೆದಾರರಿಂದ ಹಣ ಪಡೆದರೆಂಬ ಆರೋಪವು ಆಯ್ಕೆಯ ಹೊತ್ತಿಗೆ ಹೊರಬಂದಿರಲಿಲ್ಲ. 1973ರ ಅಕ್ಟೋಬರ್ 10ರಂದು ಅವರು ರಾಜೀನಾಮೆಯಿತ್ತು, ಆದಾಯ ತೆರಿಗೆ ವಂಚನೆಯ ಆರೋಪವನ್ನು ನ್ಯಾಯಾಲಯದಲ್ಲಿ ಎದುರಿಸದೆ ಒಪ್ಪಿಸಿಕೊಂಡು, 10,000 ಡಾಲರ್ ದಂಡ ಕಟ್ಟಿದರು. ತೆರವಾದ ಸ್ಥಾನಕ್ಕೆ ಜೆರಾಲ್ಡ್ ಫೋರ್ಡ್ ನೇಮಕಗೊಂಡರು. ಮುಂದಿನ ಆಗಸ್ಟ್‌ನಲ್ಲಿ ನಿಕ್ಸನ್ ಕೂಡ ರಾಜೀನಾಮೆಯಿತ್ತಾಗ, ಆ ಎರಡು ಹುದ್ದೆಗಳ ಪೈಕಿ ಒಂದಕ್ಕೂ ರಾಷ್ಟ್ರಮಟ್ಟದಲ್ಲಿ ಚುನಾಯಿತರಾಗದ ವ್ಯಕ್ತಿಯೊಬ್ಬರು ದೇಶದ ಅಧ್ಯಕ್ಷರಾದರು.

ಎರಡನೆಯದು 1972ರದು. ಜಾರ್ಜ್ ಮೆಕ್‌ಗವರ್ನ್ ಅವರು ಸಮ್ಮೇಳನದ ತರಾತುರಿಯಲ್ಲಿ ಥಾಮಸ್ ಈಗಲ್ಟನ್ ಅವರನ್ನು ಆರಿಸಿದರು. ಖಿನ್ನತೆಗಾಗಿ ಅವರು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದ ಸಂಗತಿ ಬಳಿಕ ಬಯಲಾಯಿತು. ಕಾಯಿಲೆ ಯಾರ ಅಪರಾಧವೂ ಅಲ್ಲ. ಮೊದಲೇ ತಿಳಿದಿದ್ದರೆ ಅಭ್ಯರ್ಥಿಯು ವಿಚಾರ ಮಾಡಿ, ಒಪ್ಪಿ, ಜನರ ಮುಂದಿಡಬಹುದಾಗಿತ್ತು. ಮೆಕ್‌ಗವರ್ನ್ ಮೊದಲು ಪೂರ್ಣ ಬೆಂಬಲ ಸಾರಿ, ಕೆಲವೇ ದಿನಗಳಲ್ಲಿ ಕೈಬಿಟ್ಟರು. ಆಯ್ಕೆಯಾದ ಹದಿನೆಂಟು ದಿನಗಳಲ್ಲಿ ಈಗಲ್ಟನ್ ಹಿಂದೆ ಸರಿದರು. ನವೆಂಬರ್‌ನಲ್ಲಿ ಮೆಕ್‌ಗವರ್ನ್ 49 ರಾಜ್ಯಗಳಲ್ಲಿ ಸೋತರು. ಸೋಲಿಗೆ ಕಾರಣಗಳು ಹಲವಿದ್ದರೂ, ಮೊದಲ ದೊಡ್ಡ ನಿರ್ಧಾರದಲ್ಲೇ ಎಡವಿದವರೆಂಬ ಭಾವನೆ ಜನಮನದಲ್ಲಿ ಉಳಿಯಿತು.

ಮೂರನೆಯದು 1984ರದು. ಪ್ರಮುಖ ಪಕ್ಷದಿಂದ ಈ ಸ್ಥಾನಕ್ಕೆ ನಿಂತ ಮೊದಲ ಮಹಿಳೆ ಜೆರಾಲ್ಡೀನ್ ಫೆರಾರೊ. ಅವರ ಪತಿಯ ಸ್ಥಿರಾಸ್ತಿ ವ್ಯವಹಾರ ಮತ್ತು ತೆರಿಗೆ ವಿವರಗಳ ಬಗೆಗೆ ವಾರಗಟ್ಟಲೆ ವಿವಾದ ನಡೆಯಿತು. ಕೊನೆಗೆ ವಿವರಗಳನ್ನು ಬಹಿರಂಗಪಡಿಸಿ, ಸುದೀರ್ಘ ಪತ್ರಿಕಾಗೋಷ್ಠಿಯಲ್ಲಿ ಎಲ್ಲ ಪ್ರಶ್ನೆಗಳಿಗೂ ಅವರು ಉತ್ತರಿಸಿದರು. ಆ ಹೊತ್ತಿಗೆ ಪ್ರಚಾರದ ಅಮೂಲ್ಯ ದಿನಗಳು ಕಳೆದುಹೋಗಿದ್ದವು. ಇಂದು ಸಹ ಅಭ್ಯರ್ಥಿಯ ಹೆಸರು ಪ್ರಕಟವಾಗುವ ಮುನ್ನ ವಕೀಲರು ವರ್ಷಗಟ್ಟಲೆಯ ತೆರಿಗೆ ವಿವರಣ ಪತ್ರಗಳನ್ನು ತರಿಸಿ ನೋಡುವ ಪರಿಪಾಠವು ಇಂತಹ ಪೆಟ್ಟುಗಳಿಂದಲೇ ಬಲಗೊಂಡದ್ದು.

ನಷ್ಟ ಕಂಡ ವರ್ತಕ

ವರ್ತಕ ಬಂಧುಗಳು ಮುಖ್ಯವಾಗಿ ನೆನೆಯಬೇಕಾದವರು ಹ್ಯಾರಿ ಟ್ರೂಮನ್. ಮೊದಲನೆಯ ಮಹಾಯುದ್ಧದಿಂದ ಮರಳಿದ ಬಳಿಕ ಅವರು ಪಾಲುದಾರರೊಬ್ಬರೊಡನೆ ಕಾನ್ಸಾಸ್ ನಗರದಲ್ಲಿ ಗಂಡಸರ ಉಡುಪಿನ ಅಂಗಡಿ ತೆರೆದಿದ್ದರು. 1922ರಲ್ಲಿ ಅಂಗಡಿ ಮುಚ್ಚಿತು. ದಿವಾಳಿ ಅರ್ಜಿ ಹಾಕದೆ ಟ್ರೂಮನ್ ವರ್ಷಗಟ್ಟಲೆ ದುಡಿದು ಸಾಲ ತೀರಿಸಿದರು. ಸೆನೆಟ್ ಸದಸ್ಯರಾದ ಮೇಲೆ, 1941ರಿಂದ ಯುದ್ಧಸಾಮಗ್ರಿಯ ವೆಚ್ಚವನ್ನು ಶೋಧಿಸುವ ಸಮಿತಿಗೆ ಅಧ್ಯಕ್ಷರಾಗಿ, ಗುತ್ತಿಗೆಗಳಲ್ಲಿನ ಪೋಲು ಮತ್ತು ಮೋಸವನ್ನು ಬಯಲಿಗೆಳೆದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರು ಸರ್ಕಾರದ ಲೆಕ್ಕ ಪರಿಶೋಧಕರು.

1944ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಆರೋಗ್ಯ ಕುಸಿಯುತ್ತಿದ್ದುದನ್ನು ಬಲ್ಲ ಪಕ್ಷದ ನಾಯಕರು, ಆಗಿನ ಉಪಾಧ್ಯಕ್ಷ ಹೆನ್ರಿ ವಾಲೆಸ್ ಅವರನ್ನು ಬದಲಿಸಿ ಟ್ರೂಮನ್ ಅವರನ್ನು ತಂದರು. 82 ದಿನಗಳು ಕಳೆಯುವಷ್ಟರಲ್ಲಿ ರೂಸ್‌ವೆಲ್ಟ್ ನಿಧನರಾದರು. ಮುಂದಿನ ಆಳ್ವಿಕೆಯು ಆಯ್ಕೆ ಸರಿಯಾಗಿತ್ತೆಂದು ತೋರಿಸಿತು. ಆದರೆ ಒಂದು ಲೋಪ ಎದ್ದು ಕಾಣುತ್ತದೆ. ಅಣುಬಾಂಬಿನ ಪೂರ್ಣ ವಿವರವು ಟ್ರೂಮನ್‌ಗೆ ತಿಳಿದದ್ದು ಅಧ್ಯಕ್ಷರಾದ ಮೇಲೆ, 1945ರ ಏಪ್ರಿಲ್ 25ರಂದು. ಸಮರ್ಥರನ್ನು ಆರಿಸಿಯೂ ಅವರಿಗೆ ಲೆಕ್ಕಪುಸ್ತಕ ತೋರಿಸದೆ ಇಟ್ಟಿದ್ದರು.

ಈ ಲೋಪವನ್ನು ಸರಿಪಡಿಸಿದ ಕೀರ್ತಿ ಜಿಮ್ಮಿ ಕಾರ್ಟರ್ ಅವರದು. 1977ರಲ್ಲಿ ಅಧಿಕಾರಕ್ಕೆ ಬಂದೊಡನೆ ಅವರು ವಾಲ್ಟರ್ ಮಾಂಡೇಲ್ ಅವರಿಗೆ ಶ್ವೇತಭವನದಲ್ಲಿ ತಮ್ಮ ಕಚೇರಿಯ ಸಮೀಪದಲ್ಲೇ ಕೊಠಡಿ ಕೊಟ್ಟರು. ಗೋಪ್ಯ ಕಾಗದಪತ್ರಗಳನ್ನೆಲ್ಲ ನೋಡುವ ಅವಕಾಶ ಕೊಟ್ಟರು. ವಾರಕ್ಕೊಮ್ಮೆ ಇಬ್ಬರೇ ಕುಳಿತು ಊಟ ಮಾಡುತ್ತ ಮಾತನಾಡುವ ಪದ್ಧತಿ ಹಾಕಿದರು. ಬಳಿಕ ಬಂದವರು ಹೆಚ್ಚು ಕಡಿಮೆ ಈ ಮಾದರಿಯನ್ನೇ ಅನುಸರಿಸಿದ್ದಾರೆ.

ನಿಷ್ಠೆ ಯಾರಿಗೆ?

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಮುಂದೆ ಬಂದಿದೆ. 2021ರ ಜನವರಿ 6ರಂದು, ಎಣಿಕೆಯಾಗುತ್ತಿದ್ದ ಮತಗಳನ್ನು ತಳ್ಳಿಹಾಕಬೇಕೆಂದು ಡೊನಾಲ್ಡ್ ಟ್ರಂಪ್ ಒತ್ತಾಯಿಸಿದಾಗ, ಉಪಾಧ್ಯಕ್ಷ ಮೈಕ್ ಪೆನ್ಸ್ ತಮಗೆ ಅಂತಹ ಅಧಿಕಾರವಿಲ್ಲವೆಂದು ನಿರಾಕರಿಸಿದರು. ಟ್ರಂಪ್ ಅವರ ಬೆಂಬಲಿಗರು ಇದನ್ನು ದ್ರೋಹವೆಂದರು. ಪಾಲುದಾರಿಕೆಯ ದೃಷ್ಟಿಯಿಂದ ನೋಡಿದರೆ, ಒಪ್ಪಂದ ಪತ್ರವು ಅನುಮತಿಸದ ಕೆಲಸಕ್ಕೆ ಸಹಿ ಹಾಕದ ಪಾಲುದಾರನು ಸಂಸ್ಥೆಗೆ ನಿಷ್ಠನೇ ಹೊರತು ದ್ರೋಹಿಯಲ್ಲ.

2024ರ ಚುನಾವಣೆಯು ಮೂರನೆಯ ಪ್ರಶ್ನೆಯನ್ನು ಎರಡು ಬಾರಿ ಕೇಳಿತು. ಜುಲೈ 13ರಂದು ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಮೇಲೆ ಗುಂಡಿನ ದಾಳಿ ನಡೆಯಿತು. ಎರಡು ದಿನಗಳ ಬಳಿಕ 78 ವರ್ಷದ ಟ್ರಂಪ್ ತಮ್ಮ ಜೊತೆಗೆ 39ರ ವ್ಯಾನ್ಸ್ ಅವರನ್ನು ಪ್ರಕಟಿಸಿದರು. ಜುಲೈ 21ರಂದು 81 ವರ್ಷದ ಬೈಡನ್ ಸ್ಪರ್ಧೆಯಿಂದ ಹಿಂದೆ ಸರಿದರು. 2020ರಲ್ಲಿ ತಾವೇ ಆರಿಸಿಕೊಂಡಿದ್ದ ಹ್ಯಾರಿಸ್ ಅವರಿಗೆ ಅಂದೇ ಬೆಂಬಲ ಸೂಚಿಸಿದರು. ಹ್ಯಾರಿಸ್ ಮಿನ್ನೆಸೋಟದ ಗವರ್ನರ್ ಟಿಮ್ ವಾಲ್ಜ್ ಅವರನ್ನು ಜೊತೆಗೆ ತೆಗೆದುಕೊಂಡು ಸ್ಪರ್ಧಿಸಿ ಸೋತರು. 2025ರ ಜನವರಿ 20ರಂದು ವ್ಯಾನ್ಸ್ ಉಪಾಧ್ಯಕ್ಷರಾದರು.

ನಾವು ಕಲಿಯಬೇಕಾದದ್ದು

ಈ ಎಲ್ಲವನ್ನೂ ಕ್ರೋಡೀಕರಿಸಿದರೆ ಉತ್ತಮ ಸಹ ಅಭ್ಯರ್ಥಿಗೆ ನಾಲ್ಕು ಪರೀಕ್ಷೆಗಳನ್ನು ಒಡ್ಡಬಹುದು. ಮರುದಿನವೇ ಅಧಿಕಾರ ವಹಿಸಿಕೊಳ್ಳಬಲ್ಲರೇ? ಮುಖ್ಯ ವಿಷಯಗಳಲ್ಲಿ ಅಭ್ಯರ್ಥಿಯ ನೀತಿಯನ್ನು ಒಪ್ಪುವವರೇ? ಅವರ ಲೆಕ್ಕಪತ್ರ ಮತ್ತು ಪೂರ್ವೇತಿಹಾಸವನ್ನು ಪೂರ್ತಿಯಾಗಿ ಪರಿಶೀಲಿಸಲಾಗಿದೆಯೇ? ಅಗತ್ಯ ಬಿದ್ದಾಗ ಅಧ್ಯಕ್ಷರಿಗೆ ಇಲ್ಲವೆನ್ನುವ ಧೈರ್ಯ ಅವರಿಗಿದೆಯೇ? ಈ ನಾಲ್ಕರಲ್ಲೂ ಸಮಾನರಾದ ಇಬ್ಬರು ಮುಂದಿದ್ದರೆ ಮಾತ್ರ, ಯಾರು ಹೆಚ್ಚು ಮತ ತರುವರೆಂದು ನೋಡುವುದು ಉಚಿತ.

ನಮ್ಮ ವ್ಯವಹಾರಗಳಿಗೂ ಇದು ಅನ್ವಯಿಸುತ್ತದೆ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ ಪ್ರಕಾರ, ಒಪ್ಪಂದದಲ್ಲಿ ಬೇರೆ ಏರ್ಪಾಡು ಇಲ್ಲದಿದ್ದರೆ ಪಾಲುದಾರರೊಬ್ಬರ ಮರಣದಿಂದ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ. ಇಬ್ಬರೇ ಪಾಲುದಾರರಿದ್ದರಂತೂ ಉಳಿದ ಒಬ್ಬರಿಂದ ಪಾಲುದಾರಿಕೆ ಮುಂದುವರಿಯಲಾರದು. ಆದ್ದರಿಂದ ಸದಸ್ಯ ಮಿತ್ರರು ತಮ್ಮ ಒಪ್ಪಂದ ಪತ್ರವನ್ನು ಈ ತಿಂಗಳೇ ಒಮ್ಮೆ ತೆಗೆದು ಓದಬೇಕು. ತಮ್ಮ ನಂತರ ಯಾರು ನಡೆಸುವರೆಂಬುದು ಅದರಲ್ಲಿ ಬರೆದಿದೆಯೇ ಎಂದು ನೋಡಬೇಕು. ಬ್ಯಾಂಕಿನ ಖಾತೆ, ತೆರಿಗೆಯ ಬಾಕಿ, ಉದ್ದರಿ ಕೊಟ್ಟವರ ಪಟ್ಟಿ ಇವುಗಳನ್ನು ಆ ವ್ಯಕ್ತಿಗೆ ಈಗಲೇ ತಿಳಿಸಿಡಬೇಕು. ಟ್ರೂಮನ್ ಅವರಿಗೆ ಹದಿಮೂರು ದಿನಗಳ ಬಳಿಕವಾದರೂ ವಿವರ ಹೇಳುವವರು ಇದ್ದರು. ನಮ್ಮ ಅನೇಕ ಸಂಸ್ಥೆಗಳಲ್ಲಿ ಆ ವಿವರವೆಲ್ಲವೂ ಯಜಮಾನರ ತಲೆಯಲ್ಲಿ ಮಾತ್ರ ಇರುತ್ತದೆ.