ದೇವರ ಮುಂದಣ ಕುಣಿತ: ಕ್ರೈಸ್ತರ ಆರಾಧನೆಯಲ್ಲಿ ನರ್ತನಕ್ಕೆ ಎಡೆಯುಂಟೆ?

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ನಮ್ಮ ಬಿ.ಜಿ. ಕೆರೆ ಇರುವುದಷ್ಟೆ. ಈ ಸೀಮೆಯಲ್ಲಿ ದೇವರು ಗುಡಿಯನ್ನು ಬಿಟ್ಟು ಹೊರಟನೆಂದರೆ ಅವನ ಮುಂದೆ ಯಾರಾದರೂ ಕುಣಿಯಲೇಬೇಕು. ಉರುಮೆ ತಮಟೆಗಳು ನುಡಿಯುತ್ತವೆ, ಕೋಲಾಟದವರು ಸುತ್ತುಗಟ್ಟುತ್ತಾರೆ, ನಂದಿಕೋಲು ಹೊತ್ತವನ ಕಾಲು ತಾನೇ ತಾನಾಗಿ ತಾಳಕ್ಕೆ ಬೀಳುತ್ತದೆ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಆಗಮಜ್ಞರೂ ಪೂಜೆಯ ಉಪಚಾರಗಳನ್ನು ಎಣಿಸುವಾಗ ಛತ್ರಚಾಮರಗಳ ಜೊತೆಯಲ್ಲಿ ಗೀತ, ವಾದ್ಯ, ನೃತ್ಯಗಳನ್ನೂ ಸೇರಿಸಿದ್ದಾರೆ. ಆದುದರಿಂದ ದೇವರ ಮುಂದೆ ಕುಣಿಯಬಹುದೆ ಎಂಬ ಪ್ರಶ್ನೆಯೇ ನಮ್ಮ ಗ್ರಾಮಸ್ಥರಿಗೆ ವಿಚಿತ್ರವಾಗಿ ತೋರುವುದು.

ಕ್ರೈಸ್ತರ ವಿಷಯದಲ್ಲಿ ಮಾತ್ರ ನಮ್ಮ ಗೃಹಸ್ಥರ ಭಾವನೆ ಬೇರೆ. ಅವರು ಚರ್ಚಿನಲ್ಲಿ ಬೆಂಚಿನ ಮೇಲೆ ಕುಳಿತು, ಎದ್ದು, ಮೊಣಕಾಲೂರಿ, ಹಾಡುವರೇ ಹೊರತು ಕುಣಿಯರೆಂದು ನಾವು ತಿಳಿದಿದ್ದೇವೆ. ಇದು ಅರ್ಧ ಮಾತ್ರ ನಿಜ. ಉಳಿದರ್ಧವು ಬಹು ಸ್ವಾರಸ್ಯವಾದುದು.

ಮೊದಲು ಅವರ ಗ್ರಂಥವನ್ನೇ ನೋಡೋಣ. ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲರು ಕೆಂಪು ಸಮುದ್ರವನ್ನು ದಾಟಿದ ಮೇಲೆ ಮೋಶೆಯ ಅಕ್ಕ ಮಿರ್ಯಾಮಳು ದಮ್ಮಡಿಯನ್ನು ಕೈಗೆತ್ತಿಕೊಂಡಳು. ಹೆಂಗಸರೆಲ್ಲರೂ ಅವಳ ಹಿಂದೆ ಕುಣಿಯುತ್ತ ಹೊರಟರು. ಇದಕ್ಕಿಂತಲೂ ಪ್ರಸಿದ್ಧವಾದುದು ದಾವೀದ ರಾಜನ ಕಥೆ. ದೇವರ ಮಂಜೂಷವನ್ನು ತನ್ನ ನಗರಕ್ಕೆ ತರುವಾಗ ಆತನು ರಾಜವೇಷವನ್ನು ಬಿಟ್ಟು, ನಾರುಮಡಿಯ ಒಂದು ಏಫೋದನ್ನು ಧರಿಸಿ, ಮೈಮರೆತು ಅದರ ಮುಂದೆ ಕುಣಿದನು. ರಾಣಿ ಮೀಕಲಳು ಕಿಟಕಿಯಿಂದ ಇದನ್ನು ಕಂಡು ಮನಸ್ಸಿನಲ್ಲೇ ಹೀನೈಸಿದಳು. ಅರಸನಾದವನು ದಾಸಿಯರ ಕಣ್ಣೆದುರಿಗೆ ಹೀಗೆ ಮಾಡುವುದುಂಟೆ ಎಂದು ಅವನನ್ನು ಮೂದಲಿಸಿದಳು. ಗ್ರಂಥಕಾರನು ದಾವೀದನ ಪಕ್ಷವನ್ನೇ ಹಿಡಿದಿದ್ದಾನೆ. ಕೀರ್ತನೆಗಳ ಕೊನೆಯ ಎರಡರಲ್ಲೂ ನರ್ತನದಿಂದ ದೇವರನ್ನು ಸ್ತುತಿಸಬೇಕೆಂಬ ವಿಧಿಯೇ ಇದೆ. ಹೊಸ ಒಡಂಬಡಿಕೆಗೆ ಬಂದರೆ ಬೇರೊಂದು ಕುಣಿತವು ಎದುರಾಗುವುದು. ಹೆರೋದನ ಹುಟ್ಟುಹಬ್ಬದ ಔತಣದಲ್ಲಿ ಹೆರೋದ್ಯಳ ಮಗಳು ಕುಣಿದಳು. ಅದಕ್ಕೆ ಬಹುಮಾನವಾಗಿ ಸ್ನಾನಿಕ ಯೋಹಾನನ ತಲೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟರು. ಮುಂದೆ ಧರ್ಮಸಭೆಯ ಆಚಾರ್ಯರು ನರ್ತನವೆಂದೊಡನೆ ದಾವೀದನಿಗಿಂತ ಹೆಚ್ಚಾಗಿ ಈ ಹುಡುಗಿಯನ್ನೇ ನೆನೆದರು.

ಅದಕ್ಕೆ ಕಾರಣವೂ ಇದ್ದಿತು. ರೋಮನರ ಕಾಲದಲ್ಲಿ ನರ್ತನವೆಂದರೆ ನಾಟಕಶಾಲೆ, ಕುಡಿತ, ಅನ್ಯದೇವತೆಗಳ ಉತ್ಸವ. ನಾಲ್ಕನೆಯ ಶತಮಾನದ ಯೋಹಾನ ಕ್ರಿಸೊಸ್ತೊಮನು ಕುಣಿತವಿರುವಲ್ಲಿ ಸೈತಾನನಿರುವನೆಂಬಷ್ಟು ಕಟುವಾಗಿ ಬೋಧಿಸಿದನು. ಏಸುವು ತಾನು ಸೆರೆಸಿಕ್ಕುವ ಮುನ್ನ ಶಿಷ್ಯರನ್ನು ಕೈಕೈ ಹಿಡಿಸಿ ಸುತ್ತ ನಿಲ್ಲಿಸಿ, ನಡುವೆ ತಾನು ನಿಂತು ಹಾಡಿ, ಅವರನ್ನು ಕುಣಿಸಿದನೆಂದು ಹೇಳುವ 'ಯೋಹಾನನ ಕೃತ್ಯಗಳು' ಎಂಬ ಪ್ರಾಚೀನ ಗ್ರಂಥವೊಂದಿತ್ತು. ಅದನ್ನು ೭೮೭ರ ನೈಸೀಯ ಮಹಾಸಭೆಯು ತಿರಸ್ಕರಿಸಿತು. ಆದರೂ ಶಬ್ದಗಳಿಗೆ ನೆನಪು ಹೆಚ್ಚು. ಚರ್ಚಿನ ಹಾಡುಗಾರರ ಮೇಳವನ್ನು ಕಾಯರ್ ಎನ್ನುವರಷ್ಟೆ; ಅದು ಗ್ರೀಕರ ಖೊರೋಸ್ ಎಂಬ ಪದದಿಂದ ಬಂದುದು. ಆ ಪದಕ್ಕೆ ಮೂಲಾರ್ಥ ನರ್ತನ, ನರ್ತಕರ ಮೇಳ. ಕುಣಿತವು ಹೋಗಿ ಹೆಸರು ಮಾತ್ರ ಹಾಡುವವರಿಗೆ ಉಳಿಯಿತು.

ಕೆಲವೆಡೆ ಕುಣಿತವೂ ಉಳಿದಿದೆ. ಯೂರೋಪಿನ ಲಕ್ಸೆಂಬರ್ಗಿನ ಎಕ್ಟರ್ನಾಕ್ ಎಂಬ ಊರಿನಲ್ಲಿ ಪೆಂತೆಕೊಸ್ತ ಹಬ್ಬದ ಮಂಗಳವಾರ ಸಹಸ್ರಾರು ಜನರು ಬಿಳಿಯ ಅಂಗಿ ತೊಟ್ಟು, ಕರವಸ್ತ್ರಗಳ ತುದಿ ಹಿಡಿದು ಸಾಲುಗಟ್ಟಿ, ಸಂತ ವಿಲ್ಲಿಬ್ರೋರ್ದನ ಸಮಾಧಿಯವರೆಗೆ ಕುಪ್ಪಳಿಸಿಕೊಂಡು ಹೋಗುತ್ತಾರೆ. ೨೦೧೦ರಲ್ಲಿ ಯುನೆಸ್ಕೊ ಸಂಸ್ಥೆಯವರು ಇದನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿದರು. ಸ್ಪೇನಿನ ಸೆವಿಲ್ಯದ ಮಹಾದೇವಾಲಯದಲ್ಲಿ ಹುಡುಗರು ಹಬ್ಬದ ದಿನಗಳಲ್ಲಿ ವೇದಿಯ ಮುಂದೆಯೇ ಕೈಚಿಟಿಕೆ ನುಡಿಸುತ್ತ ನರ್ತಿಸುವರು. ನಮಗೆ ಎಲ್ಲಕ್ಕಿಂತ ಹೆಚ್ಚು ಆಪ್ತವಾಗಿ ಕಾಣುವುದು ಇಥಿಯೋಪಿಯದ ರೀತಿ. ಅಲ್ಲಿ ದೆಬ್ತೆರಾ ಎಂಬ ಪಂಡಿತರ ವರ್ಗವೊಂದಿದೆ. ಇವರು ಹಾಡು, ಶಾಸ್ತ್ರ, ನರ್ತನ ಮೂರನ್ನೂ ಅನೇಕ ವರ್ಷ ಕಲಿತವರು. ಒಂದು ಕೈಯಲ್ಲಿ ಉದ್ದನೆಯ ದೊಣ್ಣೆ, ಇನ್ನೊಂದರಲ್ಲಿ ಲೋಹದ ಗಿಲಕಿ. ದೊಡ್ಡ ಮದ್ದಳೆಯ ಗತಿಗೆ ತಕ್ಕಂತೆ ಎರಡು ಸಾಲಾಗಿ ಎದುರುಬದುರು ನಿಂತು ಮೆಲ್ಲಗೆ ತೂಗಿ, ಮುಂದೆ ಸರಿದು, ಹಿಂದೆ ಸರಿಯುವರು. ಮಂಜೂಷದ ಮುಂದೆ ದಾವೀದನು ಕುಣಿದುದನ್ನೇ ತಾವು ಮುಂದುವರಿಸುತ್ತಿದ್ದೇವೆಂಬುದು ಅವರ ಸಮಾಧಾನ. ಅವರಲ್ಲಿ ಇದು ಅಲಂಕಾರವಲ್ಲ, ನಿತ್ಯವಿಧಿ.

ಇನ್ನು ನಮ್ಮ ದೇಶ. ಕೇರಳದ ಸಂತ ತೋಮನ ಕ್ರೈಸ್ತರಲ್ಲಿ ಮಾರ್ಗಂಕಳಿ ಎಂಬ ಆಟವಿದೆ. ಹನ್ನೆರಡು ಮಂದಿ ಉರಿಯುವ ದೀಪವನ್ನು ಸುತ್ತುತ್ತ, ತೋಮನು ಬಂದ ಕಥೆಯನ್ನು ಹಾಡಿ ಕುಣಿಯುವರು. ದೀಪವೇ ಕ್ರಿಸ್ತ, ಸುತ್ತಲಿನವರು ಹನ್ನೆರಡು ಶಿಷ್ಯರು. ನಮ್ಮ ಮೈಸೂರು ಸೀಮೆಯ ಸಾಕ್ಷ್ಯವನ್ನು ಹೇಳಿದವನು ಒಬ್ಬ ಫ್ರೆಂಚ್ ಪಾದ್ರಿ, ಅಬ್ಬೆ ದ್ಯುಬುವಾ. ೧೭೯೨ರಲ್ಲಿ ಹಿಂದೂದೇಶಕ್ಕೆ ಬಂದು, ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರಿನ ಕ್ರೈಸ್ತರ ಯೋಗಕ್ಷೇಮವನ್ನು ವಹಿಸಿಕೊಂಡು, ನಮ್ಮವರಂತೆಯೇ ಉಟ್ಟು, ಉಂಡು, ಬಾಳಿದವನು. ಸ್ವದೇಶಕ್ಕೆ ಮರಳಿದ ೧೮೨೩ರಲ್ಲಿ ಈ ದೇಶದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ತನ್ನ ಪತ್ರಗಳನ್ನು ಅಚ್ಚು ಹಾಕಿಸಿದನು. ಅದರಲ್ಲಿ ಇಲ್ಲಿನ ಕ್ರೈಸ್ತರ ರಾತ್ರಿಯ ಮೆರವಣಿಗೆಗಳ ವರ್ಣನೆಯಿದೆ. ತಮಟೆ, ಕಹಳೆ, ದೀವಟಿಗೆ, ಬಾಣಬಿರುಸು. ಹೂಮಾಲೆಗಳನ್ನು ಹೊತ್ತ ತೇರಿನ ಮೇಲೆ ಸಂತನ ವಿಗ್ರಹ. ಮುಂದೆ ಕೆಲವರು ಕುಣಿಯುವರು, ಕೆಲವರು ಚಿಕ್ಕ ಕೋಲುಗಳಿಂದ ಆಡುವರು, ಕೆಲವರು ಬಿಚ್ಚುಗತ್ತಿ ಝಳಪಿಸುವರು. ಇದೆಲ್ಲವೂ ತನಗೆ ನಾಚಿಕೆಯನ್ನುಂಟುಮಾಡಿತೆಂದು ಪಾದ್ರಿಯು ಬರೆದಿದ್ದಾನೆ. ಪಾಪ, ಆತನ ಸಂಕಟವು ನಮಗೆ ಅರ್ಥವಾಗುತ್ತದೆ. ಆದರೆ ಚಿಕ್ಕ ಕೋಲುಗಳ ಆಟವೆಂದು ಆತನು ಬರೆದುದನ್ನು ಓದಿದಾಗ ನಮಗೆ ನಗುವೂ ಬಂದಿತು. ಅದು ಕೋಲಾಟವಲ್ಲದೆ ಮತ್ತೇನು? ಜನರು ದೇವರನ್ನು ಬದಲಾಯಿಸಿದರು, ಕೋಲನ್ನು ಬದಲಾಯಿಸಲಿಲ್ಲ.

ಪ್ರೊಟೆಸ್ಟಂಟರಲ್ಲಿ ಇಷ್ಟು ಸಡಿಲಿಕೆಯಿರಲಿಲ್ಲ. ೧೮೧೦ರಲ್ಲಿ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಯಲ್ಲಿ ಲಂಡನ್ ಮಿಷನ್ನನ್ನು ಆರಂಭಿಸಿದರು. ಕನ್ನಡಕ್ಕೆ ಬೈಬಲ್ಲನ್ನು ತರುವ ಮಹತ್ಕಾರ್ಯವು ಅಲ್ಲಿ ನಡೆಯಿತು. ಆ ಪಂಥದವರ ಆರಾಧನೆಗೆ ಬೋಧನೆ, ಪ್ರಾರ್ಥನೆ, ಸಂಗೀತಗಳೇ ಅಂಗ.

ಕಥೋಲಿಕರಲ್ಲಿ ಗಾಳಿ ತಿರುಗಿದುದು ೧೯೬೩ರಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯು ಆಯಾ ಜನಾಂಗದ ಸದಾಚಾರಗಳಿಗೆ ಪೂಜಾವಿಧಿಯಲ್ಲಿ ಎಡೆಯುಂಟೆಂದು ನಿರ್ಣಯಿಸಿತು. ಬೆಂಗಳೂರಿನಲ್ಲಿ ಫಾದರ್ ಡಿ.ಎಸ್. ಅಮಲೋರ್ಪವದಾಸರು ಕಟ್ಟಿ ಬೆಳೆಸಿದ ರಾಷ್ಟ್ರೀಯ ಕೇಂದ್ರವು ಈ ಕಾರ್ಯಕ್ಕೆ ತವರಾಯಿತು. ೧೯೬೯ರಲ್ಲಿ ಭಾರತಕ್ಕಾಗಿ ಹನ್ನೆರಡು ಮಾರ್ಪಾಡುಗಳಿಗೆ ರೋಮಿನಿಂದ ಒಪ್ಪಿಗೆ ಬಂದಿತು: ನೆಲದ ಮೇಲೆ ಕುಳಿತುಕೊಳ್ಳುವುದು, ಪಾದರಕ್ಷೆಯನ್ನು ಹೊರಗೆ ಬಿಡುವುದು, ಅಂಜಲಿಹಸ್ತ, ಪಂಚಾಂಗಪ್ರಣಾಮ, ಎಣ್ಣೆಯ ದೀಪ, ಹೂ ಧೂಪ ದೀಪಗಳ ಆರತಿ ಮೊದಲಾದವು. ಈ ಹನ್ನೆರಡರಲ್ಲಿ ನರ್ತನವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆದರೆ ಹೆಂಗಸರ ಕೈಗೆ ಆರತಿಯ ತಟ್ಟೆ ಬಂದ ಮೇಲೆ ಅವರ ಕಾಲು ಸುಮ್ಮನಿರುವುದೆ? ಕಾಣಿಕೆಯ ಮೆರವಣಿಗೆಯಲ್ಲಿ ಹೆಜ್ಜೆ ತಾನಾಗಿಯೇ ಒಳಬಂದಿತು.

೧೯೭೫ರಲ್ಲಿ ರೋಮಿನ ಆರಾಧನಾ ವಿಭಾಗದ ಪತ್ರಿಕೆಯು ಈ ವಿಚಾರವನ್ನು ಬಿಡಿಸಿ ಬರೆಯಿತು. ಪಾಶ್ಚಾತ್ಯರಲ್ಲಿ ನರ್ತನವು ವಿನೋದಕ್ಕೂ ಶೃಂಗಾರಕ್ಕೂ ಅಂಟಿಕೊಂಡಿರುವುದರಿಂದ ಅಲ್ಲಿ ಅದು ಸಲ್ಲದು. ನರ್ತನದಲ್ಲಿ ಭಕ್ತಿಯು ಇನ್ನೂ ಜೀವಂತವಾಗಿರುವ ಜನಾಂಗಗಳ ಮಾತು ಬೇರೆ ಎಂಬುದು ಅದರ ತಾತ್ಪರ್ಯ. ೧೯೮೮ರಲ್ಲಿ ಆಫ್ರಿಕದ ಜೈರೆ ದೇಶಕ್ಕೆ ಕುಣಿತವನ್ನೊಳಗೊಂಡ ಪೂಜಾವಿಧಿಯು ಮಂಜೂರಾಯಿತು. ೧೯೯೪ರ ರೋಮಿನ ಶಾಸನವು ಇನ್ನೊಂದು ಸೂಕ್ಷ್ಮವನ್ನು ಸೇರಿಸಿತು: ಅಂಥ ಚಲನೆಯು ಸಭೆಯೆಲ್ಲದರ ಪ್ರಾರ್ಥನೆಯಾಗಿರಬೇಕು, ಬರಿಯ ಪ್ರದರ್ಶನವಾಗಬಾರದು.

ಶಾಸ್ತ್ರೀಯ ನೃತ್ಯವನ್ನು ಕ್ರೈಸ್ತಭಾವಕ್ಕೆ ಹೊಂದಿಸಿದವರಲ್ಲಿ ಫ್ರಾನ್ಸಿಸ್ ಬರ್ಬೋಜರ ಹೆಸರನ್ನು ಹೇಳಬೇಕು. ಬಡೋದೆಯಲ್ಲಿ ಭರತನಾಟ್ಯವನ್ನು ಅಭ್ಯಸಿಸಿದ ಇವರು ಗುರುಪಟ್ಟವನ್ನು ಪಡೆದಿದ್ದವರು. ೧೯೯೦ರಲ್ಲಿ ಭಾರತೀಯ ನೃತ್ಯಪ್ರಕಾರಗಳಲ್ಲಿ ಕ್ರೈಸ್ತಧರ್ಮವೆಂಬ ವಿಷಯವಾಗಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಭಿನಯದರ್ಪಣದಲ್ಲಿ ಬ್ರಹ್ಮ, ಶಂಭು, ವಿಷ್ಣು ಮೊದಲಾದವರಿಗೆ ದೇವಹಸ್ತಗಳನ್ನು ಹೇಳಿದೆಯಷ್ಟೆ. ಅದೇ ಕ್ರಮದಲ್ಲಿ ತಂದೆ, ಮಗ, ಪವಿತ್ರಾತ್ಮ, ಶಿಲುಬೆ ಇವುಗಳಿಗೆ ಹೊಸ ಹಸ್ತಗಳನ್ನು ಕಲ್ಪಿಸಿದುದು ಇವರ ವಿಶೇಷ. ಶಾಸ್ತ್ರಕ್ಕೆ ಇದರಿಂದ ಭಂಗವಾಯಿತೆಂದು ಕೆಲವು ಪಂಡಿತರು ಮೂಗು ಮುರಿಯಬಹುದು. ನಮಗೆ ಹಾಗೆ ತೋರುವುದಿಲ್ಲ. ಹಸ್ತವು ಅಕ್ಷರವಿದ್ದಂತೆ, ಅದರಿಂದ ಯಾವ ಶಬ್ದವನ್ನಾದರೂ ಬರೆಯಬಹುದು. ನೃತ್ತದಿಂದ ಪ್ರಯೋಜನವೇನೆಂದು ಋಷಿಗಳು ಕೇಳಿದಾಗ ಭರತಮುನಿಯು ಕೊಟ್ಟ ಉತ್ತರವನ್ನೂ ಇಲ್ಲಿ ಸ್ಮರಿಸಬಹುದು. ನೃತ್ತವು ಯಾವ ಅರ್ಥವನ್ನೂ ಅಪೇಕ್ಷಿಸುವುದಿಲ್ಲ, ಶೋಭೆಯನ್ನು ಉಂಟುಮಾಡುವುದು, ಜನರಿಗೆ ಅದು ಸ್ವಭಾವದಿಂದಲೇ ಇಷ್ಟ, ಮಂಗಳಕರ ಎಂದು ಅವನ ಅಭಿಪ್ರಾಯ.

ಇಷ್ಟನ್ನೂ ನಾವು ಕೆದಕಿ ನೋಡುವುದಕ್ಕೆ ಒಂದು ನಿಮಿತ್ತವುಂಟು. ಬಳ್ಳಾರಿಯಲ್ಲಿ ನೆಲೆಸಿರುವ ನಮ್ಮ ಹಳೆಯ ಶಿಷ್ಯರೊಬ್ಬರು ಕಥೋಲಿಕರು. ಅವರ ಮಗಳು ಆರು ವರ್ಷದಿಂದ ಭರತನಾಟ್ಯವನ್ನು ಕಲಿಯುತ್ತಿರುವಳು. ಹಬ್ಬದ ಪೂಜೆಯಲ್ಲಿ ಕಾಣಿಕೆಯ ವೇಳೆಗೆ ಅವಳಿಂದ ನೃತ್ಯ ಮಾಡಿಸಬೇಕೆಂದು ಚರ್ಚಿನವರು ಕೇಳಿದರು. ಹುಡುಗಿಗೂ ತಂದೆಗೂ ಹಿಗ್ಗು. ಮನೆಯ ಅಜ್ಜಿ ಮಾತ್ರ ಊಟ ಬಿಟ್ಟು ಕುಳಿತರು. "ಮೇಷ್ಟ್ರೇ, ನಮ್ಮವ್ವನಿಗೆ ನೀವಾದರೂ ಒಂದು ಮಾತು ಹೇಳಿ" ಎಂದು ಶಿಷ್ಯರು ನಮ್ಮನ್ನು ಕರೆದೊಯ್ದರು. ದಾವೀದನ ಕಥೆ ಹೇಳಿದರೆ ಸಾಕೆಂದು ನಾವು ಹೋದೆವು. ಆ ವೃದ್ಧೆಗೆ ದಾವೀದನ ಕಥೆ ನಮಗಿಂತ ಚೆನ್ನಾಗಿ ಗೊತ್ತಿದ್ದಿತು. "ದಾವೀದ ಅರಸ, ಸ್ವಾಮಿ. ಅವನನ್ನು ಯಾರೂ ಗುಡಿಗೆ ಬಿಟ್ಟಿರಲಿಲ್ಲ. ಈ ಸೀಮೆಯಲ್ಲಿ ದೇವರ ಮುಂದೆ ಹೆಣ್ಣುಮಕ್ಕಳನ್ನು ಕುಣಿಸಿದ್ದು ಸಾಲದೆ?" ಎಂದರು.

ಇದಕ್ಕೆ ಏನು ಹೇಳೋಣ? ಬಳ್ಳಾರಿ ಚಿತ್ರದುರ್ಗಗಳ ಸೀಮೆಯಲ್ಲಿ ಬಸವಿ ಬಿಡುವ ಪದ್ಧತಿಯು ಬಡವರ, ದಲಿತರ ಮನೆಗಳ ಎಷ್ಟು ಹೆಣ್ಣುಮಕ್ಕಳ ಬಾಳನ್ನು ನುಂಗಿತೆಂಬುದನ್ನು ಇಲ್ಲಿ ಹುಟ್ಟಿ ಬೆಳೆದವರೆಲ್ಲರೂ ಬಲ್ಲರು. ಮೈಸೂರು ಸರ್ಕಾರವು ತನ್ನ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ೧೯೦೯ರಲ್ಲಿ ನಿಲ್ಲಿಸಿತು. ಬಳ್ಳಾರಿಯು ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ ೧೯೪೭ರಲ್ಲಿ ಶಾಸನವಾಯಿತು. ಕರ್ನಾಟಕದಲ್ಲಿ ಮತ್ತೆ ೧೯೮೨ರಲ್ಲಿ ಶಾಸನ ಮಾಡಬೇಕಾಯಿತೆಂದರೆ ಆ ಬೇರಿನ ಆಳವನ್ನು ಊಹಿಸಬಹುದು. ಈ ನಡುವೆ ಅದೇ ನರ್ತನವು ಹೆಸರು ಬದಲಾಯಿಸಿಕೊಂಡು ಸಭ್ಯರ ರಂಗಕ್ಕೆ ಏರಿತು. ರುಕ್ಮಿಣೀದೇವಿಯವರು ೧೯೩೬ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದ ಕಥೆಯು ಪ್ರಸಿದ್ಧವಾಗಿಯೇ ಇದೆ. ಕಲೆಗೆ ಗೌರವ ಬಂದಿತು. ಅದನ್ನು ಹೊತ್ತು ತಂದ ಹೆಂಗಸರಿಗೆ ಬರಲಿಲ್ಲ. ದಲಿತ ಕ್ರೈಸ್ತರಲ್ಲಿ ಕೆಲವರು ಇದೇ ಕಾರಣದಿಂದ, ಭಾರತೀಯತೆಯೆಂದರೆ ಮೇಲುಜಾತಿಯವರ ಕಲೆಯೊಂದೇ ಏನು, ನಮ್ಮ ತಮಟೆಗೆ ಚರ್ಚಿನ ಬಾಗಿಲು ಏಕೆ ತೆರೆಯದು ಎಂದು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದುದೇ.

ಹೀಗೆ ಅಜ್ಜಿಯ ಪಕ್ಷವನ್ನು ಕ್ರಿಸೊಸ್ತೊಮನ ಪಕ್ಷದೊಡನೆ ಸೇರಿಸಕೂಡದು. ಆತನಿಗೆ ಕುಣಿತದ ಮೇಲೆ ಕೋಪ. ಆಕೆಗೆ ಕುಣಿಸಿದವರ ಮೇಲೆ. ನಾಲ್ಕು ಮಂದಿ ಕುಣಿದು ನಾನೂರು ಮಂದಿ ನೋಡುವಲ್ಲಿಯೇ ಅಪಾಯವಿರುವುದೆಂದು ನಮಗೆ ತೋರಿತು. ಕೋಲಾಟದಲ್ಲಿ ಹಾಗಿಲ್ಲ, ಗಂಡಸರೂ ಹೆಂಗಸರೂ, ಬಾರದವರೂ ಕೋಲು ಹಿಡಿದು ಸುತ್ತಿಗೆ ಸೇರಬಹುದು. ೧೯೯೪ರ ಶಾಸನದ ಮಾತೂ ಇದಕ್ಕೆ ಅನುಕೂಲವಾಗಿದೆ. ಆದುದರಿಂದ ಒಳಗೆ ಕಾಣಿಕೆಯ ಮೆರವಣಿಗೆಗೆ ಎಲ್ಲರೂ ಕೂಡಿ ಕೋಲಾಟದ ಹೆಜ್ಜೆಯಲ್ಲಿ ಬರಲಿ, ಸಂಜೆ ಅಂಗಳದ ರಂಗದ ಮೇಲೆ ಹುಡುಗಿಯು ತನ್ನ ವಿದ್ಯೆಯನ್ನು ತೋರಲಿ ಎಂದು ಸೂಚಿಸಿದೆವು. ಹುಡುಗಿಯು ಕೂಡಲೆ, "ಚರ್ಚಿನಲ್ಲಿ ಚೆನ್ನಾಗಿ ಹಾಡಬಲ್ಲವರನ್ನು ಮುಂದೆ ನಿಲ್ಲಿಸುತ್ತಾರಲ್ಲ ತಾತ, ಅದು ಪ್ರದರ್ಶನವಲ್ಲವೆ?" ಎಂದು ಕೇಳಿದಳು. ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರಾ ಇಲ್ಲ.

ಕೊನೆಗೆ ಅಜ್ಜಿಯು ಕೋಲಾಟಕ್ಕೆ ಒಪ್ಪಿದರು, ತಂದೆಯೂ ಕೋಲು ಹಿಡಿಯಬೇಕೆಂಬ ಕರಾರಿನ ಮೇಲೆ. ಇನ್ನೊಂದು ಕರಾರು, ಮೊಮ್ಮಗಳು ಚರ್ಚಿನ ಮೆಟ್ಟಿಲಲ್ಲಿ ಗೆಜ್ಜೆಯನ್ನು ಬಿಚ್ಚಿಡಬೇಕೆಂಬುದು. ಮೊದಲನೆಯದಕ್ಕೆ ನಮ್ಮ ಶಿಷ್ಯರು ನಾಚುತ್ತಲೇ ತಲೆಯಾಡಿಸಿದ್ದಾರೆ. ಎರಡನೆಯದಕ್ಕೆ ಹುಡುಗಿಯು ಇನ್ನೂ ಒಪ್ಪಿಲ್ಲವೆಂದು ಮೊನ್ನೆ ಕಾಗದ ಬಂದಿದೆ.