ನೀಟ್‌ನಲ್ಲಿ ಅಂಕ ಕಡಿಮೆ ಬಂತಾ? ಏಜೆಂಟ್‌ಗೆ ಅಡ್ವಾನ್ಸ್ ಹಾಕೋ ಮುಂಚೆ ಇದನ್ನ ಓದಿ

ಕಲ್ಮಲ: ನೀಟ್ ಫಲಿತಾಂಶ ಬರೋದು ಜೂನ್‌ನಲ್ಲಿ. ಬೀಜ, ಗೊಬ್ಬರಕ್ಕೆ ಅಂತ ಮನೆಯಲ್ಲಿ ನಾಲ್ಕು ಕಾಸು ಇಟ್ಟುಕೊಂಡಿರುವ ಹೊತ್ತು. ಸರಿಯಾಗಿ ಆಗಲೇ ಫೋನ್ ಬರುತ್ತದೆ: ‘ನಿಮ್ ಹುಡುಗ ನೀಟ್ ಪಾಸ್ ಆಗ್ಯಾನ್ರಿ, ಎಂಬಿಬಿಎಸ್ ಸೀಟ್ ನಾವು ಕೊಡಸ್ತೀವಿ.’

ಪಾಸಾಗಿದ್ದು ಸುಳ್ಳಲ್ಲ. ಆದರೆ ಪಾಸ್ ಬೇರೆ, ಸೀಟು ಬೇರೆ. 2025ರಲ್ಲಿ 720ಕ್ಕೆ 144 ಅಂಕ ಬಂದ ಸಾಮಾನ್ಯ ವರ್ಗದವರೂ, 113 ಬಂದ ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳೂ ‘ಅರ್ಹರು’. ಅಂದರೆ ಕೌನ್ಸೆಲಿಂಗ್‌ಗೆ ಹೋಗಬಹುದು, ಅಷ್ಟೇ. ಸರ್ಕಾರಿ ಸೀಟಿಗೆ ಇದು ಎಲ್ಲಿಯೂ ಸಾಲದು. ರಾಜ್ಯದ ಖಾಸಗಿ ಕಾಲೇಜುಗಳ ಸೀಟನ್ನೂ ಹಂಚುವುದು ಕೆಇಎ, ಡೀಮ್ಡ್ ವಿವಿಗಳ ಸೀಟನ್ನು ಹಂಚುವುದು ಕೇಂದ್ರದ ಎಂಸಿಸಿ. ‘ಡೈರೆಕ್ಟ್ ಸೀಟ್’ ಅನ್ನೋದು ಇಲ್ಲವೇ ಇಲ್ಲ.

ಏಜೆಂಟ್ ಹೇಳದ ಮಾತು ಒಂದಿದೆ, 371(ಜೆ). 2013ರಿಂದ ಜಾರಿಯಲ್ಲಿರುವ ಈ ಮೀಸಲಾತಿಯಲ್ಲಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳ ಸರ್ಕಾರಿ ಕೋಟಾ ಸೀಟುಗಳಲ್ಲಿ ಶೇ 70ರಷ್ಟು ಈ ಭಾಗದವರಿಗೇ. ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ರಿಮ್ಸ್‌ನ ಸೀಟಿಗೆ ಮಾನ್ವಿ, ದೇವದುರ್ಗದ ಹುಡುಗ ಬೆಂಗಳೂರಿನ ಹುಡುಗನ ಜೊತೆ ನೇರವಾಗಿ ಗುದ್ದಾಡಬೇಕಿಲ್ಲ. ಆದರೆ ಪ್ರಮಾಣಪತ್ರ ಕೈಯಲ್ಲಿರಬೇಕು. ಅದನ್ನು ಕೊಡೋದು ಉಪವಿಭಾಗದ ಸಹಾಯಕ ಆಯುಕ್ತರು. ಫಲಿತಾಂಶ ಬಂದಮೇಲೆ ಓಡಾಡಿದರೆ ತಡ, ಪಿಯುಸಿಯಲ್ಲೇ ಮಾಡಿಸಿಟ್ಟುಕೊಳ್ಳೋದು ಜಾಣತನ.

ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದವರಿಗೆ ಪ್ರತ್ಯೇಕ ಕೋಟಾ ಇದೆ. ಹೈಸ್ಕೂಲಿಗೆ ಅಂತ ಮಗನನ್ನು ರಾಯಚೂರು ಸಿಟಿಗೆ ಸೇರಿಸಿದ ಮನೆಯವರಿಗೆ ಮೊದಲನೆಯದು ತಪ್ಪಿಹೋಗುತ್ತದೆ, ಎಷ್ಟೋ ಜನಕ್ಕೆ ಅದು ಗೊತ್ತಾಗೋದೇ ಕೊನೆಗೆ. ಇನ್ನೊಂದು ಮಾತು: ಸಿಇಟಿಗೆ ಅರ್ಜಿ ಹಾಕಿದ್ದರೂ ನೀಟ್ ಫಲಿತಾಂಶದ ನಂತರ ಕೆಇಎ ವೆಬ್‌ಸೈಟ್‌ನಲ್ಲಿ ನೀಟ್ ರೋಲ್ ನಂಬರ್ ದಾಖಲಿಸಬೇಕು. ಇದನ್ನು ಮರೆತು ಕುಂತರೆ ಅಂಕ ಇದ್ದೂ ಹೊರಗೆ.

ಎಂಬಿಬಿಎಸ್ ಸಿಗದಿದ್ದರೆ ಅದೇ ನೀಟ್ ರ‍್ಯಾಂಕ್‌ನಲ್ಲಿ ಬಿಡಿಎಸ್, ಬಿಎಎಂಎಸ್, ಬಿಎಚ್‌ಎಂಎಸ್ ಇವೆ. ಸಿಇಟಿ ಬರೆದಿದ್ದರೆ ಪಶುವೈದ್ಯಕೀಯ, ಬಿ.ಎಸ್ಸಿ ನರ್ಸಿಂಗ್, ಫಾರ್ಮಸಿ, ರಾಯಚೂರು ಕೃಷಿ ವಿವಿಯ ಬಿ.ಎಸ್ಸಿ ಕೃಷಿ. ದನ, ಕುರಿ ಇರುವ ನಮ್ಮ ಕಡೆ ಪಶುವೈದ್ಯರಿಗೆ ಕೆಲಸ ಕಡಿಮೆ ಏನಿಲ್ಲ. ಆದರೂ ಆ ಆಪ್ಷನ್ ಒತ್ತೋಕೆ ಮನೆಯವರು ಮುಖ ಸಿಂಡರಿಸುತ್ತಾರೆ.

ಹೊಲ ಮಾರಿ ವಿದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಕಾಲೇಜಿನ ಬಗ್ಗೆ ನಾಲ್ಕು ವಿಷಯ ಬರಹದಲ್ಲೇ ಕೇಳಿ: ಕೋರ್ಸ್ ಕನಿಷ್ಠ 54 ತಿಂಗಳಾ? ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇದೆಯಾ? ಪಾಠ ಇಂಗ್ಲಿಷಿನಲ್ಲಾ? ಆ ದೇಶದಲ್ಲೇ ಡಾಕ್ಟರಾಗಿ ನೋಂದಾಯಿಸಿಕೊಳ್ಳಬಹುದಾ? 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಲ್ಲಿ ಇವೆಲ್ಲ ಕಡ್ಡಾಯ. ಹೊರಗೆ ಓದಲಿಕ್ಕೂ ನೀಟ್ ಅರ್ಹತೆ ಬೇಕೇ ಬೇಕು. ವಾಪಸ್ ಬಂದಮೇಲೆ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ತೆಗೆಯದೆ ಇಲ್ಲಿ ಬೋರ್ಡ್ ಹಾಕುವಂತಿಲ್ಲ.